ಚೀನೀ ಕಲೆಯ ಸಂಗ್ರಹಾಲಯ ಮತ್ತು ದೊಡ್ಡಬಳ್ಳಾಪುರದ ಮಗ್ಗ: ಪರಿಚಯದ ಭಾಷೆಯನ್ನು ಕುರಿತು

ಪ್ರತಿಯೊಂದು ಸಂಗ್ರಹಾಲಯವೂ ಬಾಗಿಲು ತೆರೆಯುವ ಹೊತ್ತಿಗೆ ತನ್ನನ್ನು ಕುರಿತು ಒಂದು ಪಠ್ಯವನ್ನು ಕಟ್ಟಿಕೊಳ್ಳುತ್ತದೆ. ತಾನು ಯಾರು, ತನ್ನಲ್ಲಿ ಏನಿದೆ, ಜನ ಅದನ್ನು ಏಕೆ ನೋಡಬೇಕು ಎಂಬ ಪ್ರಶ್ನೆಗಳಿಗೆ ಅದು ಕೊಡುವ ಉತ್ತರವೇ ಆ ಪಠ್ಯ. ಕರಪತ್ರ, ಗೋಡೆಯ ಫಲಕ, ವಸ್ತುವಿನ ಪಕ್ಕದ ಚೀಟಿ, ಮಾರ್ಗದರ್ಶಿಯ ಬಾಯಿಮಾತು ಇವೆಲ್ಲ ಅದರ ಅಂಗಗಳು. ಶಾಸನ, ಹಸ್ತಪ್ರತಿ, ಜನಪದ ಕಥನಗಳನ್ನು ಪಠ್ಯವಾಗಿ ಓದಲು ಕಲಿತಿರುವ ಕನ್ನಡ ವಿದ್ವತ್ತು ಈ ಪರಿಚಯ ಪಠ್ಯದ ಕಡೆಗೆ ಗಮನ ಹರಿಸಿದ್ದು ಕಡಿಮೆ. ಅನ್ಯ ಸಂಸ್ಕೃತಿಯೊಂದರ ಕಲೆ ಕನ್ನಡದ ಸಾಮಾನ್ಯ ಓದುಗನ ಎದುರು ಮೊದಲು ಕಾಣಿಸಿಕೊಳ್ಳುವುದು ಇದರ ಮೂಲಕವೇ ಆದ್ದರಿಂದ, ಈ ಉಪೇಕ್ಷೆ ಸಣ್ಣದಲ್ಲ.

ಈಚಿನ ಒಂದು ಉದಾಹರಣೆಯನ್ನು ಗಮನಿಸಬಹುದು. 2022ರ ಜುಲೈ ತಿಂಗಳಲ್ಲಿ ಹಾಂಗ್‌ಕಾಂಗ್ ಅರಮನೆ ಸಂಗ್ರಹಾಲಯವು ಸಾರ್ವಜನಿಕರಿಗೆ ತೆರೆಯಿತು. ಬೀಜಿಂಗಿನ ಅರಮನೆ ಸಂಗ್ರಹಾಲಯದಿಂದ ಎರವಲಾಗಿ ಬಂದ 914 ವಸ್ತುಗಳು ಅದರ ಆರಂಭದ ಪ್ರದರ್ಶನಗಳಿಗೆ ಆಧಾರವಾಗಿದ್ದವು. ಚೀನೀ ಕಲೆಯನ್ನು ಚೀನೀ ಭಾಷಿಕರೇ ಹೆಚ್ಚಾಗಿರುವ ನಗರಕ್ಕೆ ಪರಿಚಯಿಸುವುದು ಸುಲಭವೆಂದು ಮೇಲುನೋಟಕ್ಕೆ ತೋರೀತು. ಆದರೆ 2016ರ ಡಿಸೆಂಬರಿನಲ್ಲಿ ಯೋಜನೆ ಪ್ರಕಟವಾದಾಗಲೇ, ಜನರ ಅಭಿಪ್ರಾಯ ಕೇಳದೆ ಇದನ್ನು ತೀರ್ಮಾನಿಸಲಾಗಿದೆ ಎಂಬ ಆಕ್ಷೇಪ ಅಲ್ಲಿ ಎದ್ದಿತ್ತು. ಭಾಷೆ ಒಂದೇ ಆದ ಮಾತ್ರಕ್ಕೆ ಪರಿಚಯ ಸರಳವಾಗುವುದಿಲ್ಲ. ಯಾರು ಯಾರಿಗೆ, ಯಾವ ಅಧಿಕಾರದಿಂದ ಮಾತನಾಡುತ್ತಿದ್ದಾರೆ ಎಂಬ ಪ್ರಶ್ನೆ ಅದರ ಹಿಂದೆ ಇದ್ದೇ ಇರುತ್ತದೆ.

ಕರ್ನಾಟಕದಲ್ಲಿ ಚೀನೀ ಕಲೆಗೆಂದೇ ಮೀಸಲಾದ ಸಂಗ್ರಹಾಲಯವಿಲ್ಲ. ನೆರೆಯ ಹೈದರಾಬಾದಿನಲ್ಲಿ 1951ರಲ್ಲಿ ಆರಂಭವಾದ ಸಾಲಾರ್‌ಜಂಗ್ ಸಂಗ್ರಹಾಲಯದ ಚೀನೀ ಪಿಂಗಾಣಿ ವಿಭಾಗವೇ ಕನ್ನಡಿಗರಿಗೆ ಹತ್ತಿರದ್ದು. ಬೆಂಗಳೂರಿನಲ್ಲಿ 1865ರ ಸರ್ಕಾರಿ ವಸ್ತುಸಂಗ್ರಹಾಲಯದಿಂದ ಹಿಡಿದು, 2020ರ ಡಿಸೆಂಬರಿನಲ್ಲಿ ಮೊದಲು ಅಂತರ್ಜಾಲದಲ್ಲಿ ಕಾಣಿಸಿಕೊಂಡು 2023ರ ಫೆಬ್ರವರಿಯಲ್ಲಿ ಕಸ್ತೂರಬಾ ರಸ್ತೆಯ ಕಟ್ಟಡದಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯವರೆಗೆ ಹಲವು ಸಂಸ್ಥೆಗಳಿವೆ. ನಾಳೆ ಇಂಥ ಯಾವುದಾದರೊಂದು ಆವರಣದಲ್ಲಿ ಚೀನೀ ಕಲೆಯ ವಿಭಾಗವೊಂದು ತೆರೆದರೆ, ಅದು ಕನ್ನಡದಲ್ಲಿ ತನ್ನನ್ನು ಹೇಗೆ ಪರಿಚಯಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ರಾಜಧಾನಿಯ ಕಲಾರಸಿಕನನ್ನು ಎದುರಿಗಿಟ್ಟುಕೊಂಡು ಕೇಳುವುದಕ್ಕಿಂತ, ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರು ಉತ್ತರಕ್ಕಿರುವ ದೊಡ್ಡಬಳ್ಳಾಪುರದ ನೇಕಾರನನ್ನು ಎದುರಿಗಿಟ್ಟುಕೊಂಡು ಕೇಳುವುದು ಹೆಚ್ಚು ಫಲಕಾರಿ. ಏಕೆಂದರೆ ಚೀನಾ ಆತನಿಗೆ ಅಪರಿಚಿತವಲ್ಲ.

ವಿದ್ಯುತ್ ಮಗ್ಗಗಳ ಸದ್ದಿಲ್ಲದ ಬೀದಿಯನ್ನು ದೊಡ್ಡಬಳ್ಳಾಪುರದ ನೇಕಾರ ಬಡಾವಣೆಗಳಲ್ಲಿ ಹುಡುಕುವುದು ಕಷ್ಟ. ಅಲ್ಲಿ ‘ಚೀನಾ’ ಎಂಬುದು ಮೊದಲಿಗೆ ನೂಲಿನ ಹೆಸರು. ಎಳೆಯ ಸಮತೆ, ತುಂಡಾಗದ ಗುಣಗಳಿಗಾಗಿ ಆಮದಾದ ಚೀನೀ ಕಚ್ಚಾ ರೇಷ್ಮೆಯನ್ನು ಹಾಸಿಗೆ ಬಳಸುವ ರೂಢಿ ಕರ್ನಾಟಕದ ವಿದ್ಯುತ್ ಮಗ್ಗಗಳಲ್ಲಿ ಬೆಳೆದು ದಶಕಗಳೇ ಆಗಿವೆ. ಇದೇ ನೂಲು ನೆರೆಯ ವಿಜಯಪುರ, ಶಿಡ್ಲಘಟ್ಟಗಳ ಕಡೆಯ ರೇಷ್ಮೆ ಬೆಳೆಗಾರನಿಗೆ ಗೂಡಿನ ಬೆಲೆ ಕುಸಿಯುವ ಭಯ. 2011-12ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವು ಶೇ. 30ರಿಂದ ಶೇ. 5ಕ್ಕೆ ಇಳಿದಾಗ ಬೆಳೆಗಾರರು ಬೀದಿಗಿಳಿದರು. 2013-14ರಲ್ಲಿ ಅದು ಶೇ. 15ಕ್ಕೆ ಏರಿತು. ಒಂದೇ ಎಳೆ ಒಬ್ಬನಿಗೆ ಕಸುಬಿನ ಅನುಕೂಲ, ಮತ್ತೊಬ್ಬನಿಗೆ ಬದುಕಿನ ಆತಂಕ. ಚೀನೀ ಕಲೆಯನ್ನು ಈ ಪ್ರದೇಶಕ್ಕೆ ಪರಿಚಯಿಸುವ ಪಠ್ಯವು ‘ಐದು ಸಾವಿರ ವರ್ಷಗಳ ಭವ್ಯ ಪರಂಪರೆ’ ಎಂಬ ಸಿದ್ಧವಾಕ್ಯದಿಂದ ಆರಂಭವಾದರೆ, ಓದುಗನ ಅನುಭವದಲ್ಲಿ ಈಗಾಗಲೇ ಇರುವ ಚೀನಾವನ್ನು ಅಳಿಸಿಹಾಕಿಯೇ ಅದು ಮಾತು ತೊಡಗಿದಂತಾಗುತ್ತದೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ರೇಷ್ಮೆಯಿಂದಲೇ. ಇದು ಕೇವಲ ಸ್ಥಳೀಯ ಅನುಕೂಲಕ್ಕಾಗಿ ಹೇಳುವ ಮಾತಲ್ಲ. ಚೀನೀ ಕಲೆಯ ಚರಿತ್ರೆಯಲ್ಲಿ ರೇಷ್ಮೆ ಉಡುಪಷ್ಟೇ ಆಗಿರದೆ ಬರವಣಿಗೆಯ, ಚಿತ್ರದ ನೆಲೆಯೂ ಆಗಿತ್ತು. ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದೂಯಿಯಲ್ಲಿ 1972ರಲ್ಲಿ ಉತ್ಖನನವಾದ ಹಾನ್ ಕಾಲದ ಮೊದಲ ಗೋರಿಯನ್ನು ನೋಡಬಹುದು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಶ್ರೀಮಂತ ಮಹಿಳೆಯೊಬ್ಬಳ ಆ ಗೋರಿಯಲ್ಲಿ ರೇಷ್ಮೆಯ ಮೇಲೆ ಬರೆದ ವರ್ಣಚಿತ್ರವೂ, 49 ಗ್ರಾಂ ತೂಗುವ ತೆಳು ರೇಷ್ಮೆಯ ನಿಲುವಂಗಿಯೂ ದೊರೆತವು. ‘ಅದ್ಭುತ ಸೂಕ್ಷ್ಮತೆಯ ವಸ್ತ್ರ’ ಎಂದು ಬರೆದರೆ ಓದುಗ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಜರಿ ಸೇರಿದ ರೇಷ್ಮೆ ಸೀರೆಯೊಂದು ಹಲವು ನೂರು ಗ್ರಾಂ ತೂಗುತ್ತದೆ ಎಂಬುದನ್ನು ಕೈಯಲ್ಲಿ ಬಲ್ಲವನಿಗೆ ‘ಉದ್ದ ತೋಳಿನ ಪೂರ್ಣ ನಿಲುವಂಗಿ, 49 ಗ್ರಾಂ’ ಎಂಬ ಮಾಹಿತಿಯೇ ಸಾಕು, ವಿಶೇಷಣ ಬೇಕಿಲ್ಲ. ಆ ನಿಲುವಂಗಿಯ ಪ್ರತಿಕೃತಿ ನೇಯಲು ಹೊರಟ ಚೀನೀ ತಜ್ಞರಿಗೆ, ಇಂದಿನ ಹುಳು ಬಿಡುವ ಎಳೆಯೇ ಹಿಂದಿನದಕ್ಕಿಂತ ದಪ್ಪವಾಗಿರುವುದು ದೊಡ್ಡ ತೊಡಕಾಯಿತು. ಈ ಸಂಗತಿ ಕಲೆಯ ವಿದ್ಯಾರ್ಥಿಗಿಂತ ಮೊದಲು ರೇಷ್ಮೆ ಬೆಳೆಗಾರನಿಗೆ ಅರ್ಥವಾಗುತ್ತದೆ.

ಚಿತ್ರದ ವಿಷಯದಲ್ಲೂ ಇದೇ ಮಾತು. ಹನ್ನೆರಡನೆಯ ಶತಮಾನದ ಚಾಂಗ್ ಝೆದ್ವಾನನದೆಂದು ಪ್ರಸಿದ್ಧವಾಗಿರುವ, ಬೀಜಿಂಗಿನ ಅರಮನೆ ಸಂಗ್ರಹಾಲಯದಲ್ಲಿರುವ ಸುರುಳಿ ಚಿತ್ರವನ್ನು ನೆನೆಯಬಹುದು. ನದಿ, ಸೇತುವೆ, ಅಂಗಡಿ, ಬಂಡಿ, ಜನಜಂಗುಳಿಗಳ ನಗರ ಜೀವನವನ್ನು ರೇಷ್ಮೆಯ ಮೇಲೆ ಬಿಡಿಸಿರುವ ಅದರ ಅಗಲ ಸುಮಾರು 25 ಸೆಂಟಿಮೀಟರು, ಉದ್ದ 5.28 ಮೀಟರು. ಉದ್ದದಲ್ಲಿ ಒಂದು ಸೀರೆಗೆ ಹತ್ತಿರ. ಇಂಥ ಸುರುಳಿಯನ್ನು ಗೋಡೆಗೆ ತೂಗುಹಾಕಿ ಒಮ್ಮೆಗೇ ನೋಡುತ್ತಿರಲಿಲ್ಲ. ಎಡಗೈಯಲ್ಲಿ ಬಿಚ್ಚುತ್ತ ಬಲಗೈಯಲ್ಲಿ ಸುತ್ತುತ್ತ, ಬಲದಿಂದ ಎಡಕ್ಕೆ, ಒಂದು ಸಲಕ್ಕೆ ತೋಳಗಲದಷ್ಟನ್ನು ಮಾತ್ರ ನೋಡುವುದು ಪದ್ಧತಿ. ಕಂಡದ್ದು ಸುರುಳಿಗೆ ಸೇರುತ್ತದೆ, ಕಾಣಬೇಕಾದದ್ದು ಇನ್ನೊಂದು ಸುರುಳಿಯಲ್ಲಿದೆ. ಮಗ್ಗದ ಮುಂದೆ ನಿಂತವರ ನೋಟವೂ ಇಂಥದೇ. ನೇಯ್ದ ಬಟ್ಟೆ ದಿಂಡಿಗೆ ಸುತ್ತಿಕೊಳ್ಳುತ್ತದೆ, ನೇಯಬೇಕಾದದ್ದು ಹಾಸಿನಲ್ಲಿದೆ, ಕಣ್ಣೆದುರಿಗಿರುವುದು ಗೇಣುದ್ದದ ಭಾಗ ಮಾತ್ರ. ಒಡಲು, ಅಂಚು, ಸೆರಗುಗಳ ಇಡೀ ವಿನ್ಯಾಸ ನೇಯುವವರ ನೆನಪಿನಲ್ಲಿಯೂ ಜಕಾರ್ಡ್ ಕಾರ್ಡುಗಳ ರಂಧ್ರಗಳಲ್ಲಿಯೂ ಇರುತ್ತದೆ. ಸಂಗ್ರಹಾಲಯಗಳು ಗಾಜಿನ ಪೆಟ್ಟಿಗೆಯಲ್ಲಿ ಸುರುಳಿಯನ್ನು ಪೂರ್ತಿ ಹರಡಿದಾಗ ಕಳೆದುಹೋಗುವ ನೋಡುವ ಕ್ರಮವನ್ನು, ನೇಯ್ಗೆಯ ಊರಿನವರಿಗೆ ಒಂದೇ ವಾಕ್ಯದಲ್ಲಿ ತಿಳಿಸಬಹುದು.

ಪರಿಭಾಷೆಯ ಪ್ರಶ್ನೆ ಇನ್ನೂ ಜಟಿಲವಾದದ್ದು. ಚೀನೀ ಚಿತ್ರಕಲೆಯ ಪ್ರಮುಖ ಪ್ರಕಾರವೊಂದನ್ನು ಇಂಗ್ಲಿಷು ‘ಲ್ಯಾಂಡ್‌ಸ್ಕೇಪ್’ ಎಂದು ಕರೆಯಿತು. ಆ ಜಾಡಿನಲ್ಲಿ ಕನ್ನಡ ‘ಭೂದೃಶ್ಯ’ ಎನ್ನುತ್ತದೆ. ಚೀನೀ ಭಾಷೆಯಲ್ಲಿ ಅದರ ಹೆಸರು ‘ಶಾನ್‌ಶುಯಿ’: ಶಾನ್ ಎಂದರೆ ಬೆಟ್ಟ, ಶುಯಿ ಎಂದರೆ ನೀರು. ಮೂಲದಲ್ಲಿ ಭೂಮಿಯೂ ಇಲ್ಲ, ದೃಶ್ಯವೂ ಇಲ್ಲ. ಅಚಲವಾದ ಒಂದು ಮತ್ತು ಹರಿಯುವ ಇನ್ನೊಂದರ ಜೋಡಿ ಇದೆ. ಇದನ್ನು ‘ಬೆಟ್ಟ-ನೀರು’ ಎಂದು ನೇರವಾಗಿ ಹೇಳಲು ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ. ‘ಭೂದೃಶ್ಯ’ ಎಂಬುದು ಇಂಗ್ಲಿಷಿನ ಅನುವಾದ, ಚೀನಿಯದಲ್ಲ. ಅನಂತಮೂರ್ತಿಯವರು ‘ದಾವ್ ದ ಜಿಂಗ್’ ಅನ್ನು ಕನ್ನಡಕ್ಕೆ ತಂದಾಗ ಅವರ ಎದುರಿಗೂ ಇಂಗ್ಲಿಷಿನ ಮಧ್ಯಸ್ಥಿಕೆಯ ಸಮಸ್ಯೆ ಇತ್ತು. ಸಾಹಿತ್ಯಾನುವಾದದಲ್ಲಿ ಇಂಥ ಎಚ್ಚರ ಒಂದಿಷ್ಟು ಮೂಡಿದೆ. ಕಲಾವಸ್ತುವಿನ ಚೀಟಿಯ ಅನುವಾದದಲ್ಲಿ ಅದು ಇನ್ನೂ ಮೂಡಬೇಕಾಗಿದೆ.

ಕನ್ನಡದ ಪದಕೋಶವೇ ಚೀನಾದೊಂದಿಗಿನ ಹಳೆಯ ವ್ಯವಹಾರದ ಸಾಕ್ಷಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಅರ್ಥಶಾಸ್ತ್ರದ ‘ಚೀನಪಟ್ಟ’, ಕಾಳಿದಾಸನ ಶಾಕುಂತಲದ ‘ಚೀನಾಂಶುಕ’ ಪಂಡಿತರಿಗೆ ಗೊತ್ತಿರುವ ಮಾತುಗಳು. ಅಷ್ಟು ದೂರ ಹೋಗಬೇಕಾಗಿಲ್ಲ. ಉತ್ತರ ಕರ್ನಾಟಕದ ‘ಚಹಾ’, ಹಳೆಯ ಮೈಸೂರು ಭಾಗದ ‘ಟೀ’ ಇವೆರಡೂ ಚೀನೀ ಭಾಷೆಯ ಎರಡು ಪ್ರಾದೇಶಿಕ ಉಚ್ಚಾರಣೆಗಳಿಂದ ಬೇರೆ ಬೇರೆ ವ್ಯಾಪಾರದ ದಾರಿಗಳಲ್ಲಿ ಇಲ್ಲಿಗೆ ತಲುಪಿದಂಥವು. ‘ರೇಷ್ಮೆ’, ‘ಕಾಗದ’ ಎಂಬ ಪದಗಳು ಪಾರಸಿಯ ಮೂಲಕ ಬಂದಿದ್ದರೂ ಅವು ಹೆಸರಿಸುವ ವಸ್ತುಗಳ ತವರು ಚೀನಾ. ಹಂಪಿಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಉಪ್ಪಿನಕಾಯಿಯ ಪಿಂಗಾಣಿ ಜಾಡಿ ಇಂದಿಗೂ ಮನೆಮನೆಯ ವಸ್ತು. ಚೀನೀ ಕಲೆಯ ಸಂಗ್ರಹಾಲಯಕ್ಕೆ ಕನ್ನಡದಲ್ಲಿ ಹೊಸ ಪದಗಳನ್ನು ಟಂಕಿಸುವ ಮುನ್ನ, ಇರುವ ಪದಗಳ ಚರಿತ್ರೆಯನ್ನು ಹೇಳುವುದೇ ಉತ್ತಮ ಪರಿಚಯ.

ಈ ವಾದಕ್ಕೆ ಗಂಭೀರವಾದ ಒಂದು ಆಕ್ಷೇಪವನ್ನು ಎತ್ತಬಹುದು. ಅನ್ಯವನ್ನು ತಮ್ಮದರ ಮೂಲಕವೇ ಅರಿಯುವುದಾದರೆ ಅದರ ಅನ್ಯತ್ವಕ್ಕೆ ಏನಾಗುತ್ತದೆ? ಸುರುಳಿ ಚಿತ್ರ ಸೀರೆಯಲ್ಲ. ಅದರ ಹಿಂದಿನ ಲಿಪಿಕಲೆ, ರಾಜಾಸ್ಥಾನದ ವಿದ್ವತ್ತು, ಮಾಲೀಕರ ಮುದ್ರೆಗಳು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಇಲ್ಲ. ಆಕ್ಷೇಪ ನಿಜ. ಹೋಲಿಕೆಯಲ್ಲಿಯೇ ನಿಂತುಬಿಡುವ ಪರಿಚಯ ಸುಳ್ಳು ಆತ್ಮೀಯತೆಯನ್ನು ಹುಟ್ಟಿಸುತ್ತದೆ. ಆದರೆ ಹೋಲಿಕೆಯ ನೆಲವಿಲ್ಲದೆ ವ್ಯತ್ಯಾಸವನ್ನು ಗುರುತಿಸುವುದೂ ಸಾಧ್ಯವಿಲ್ಲ. ನೋಡುವ ಕ್ರಮ ಮಗ್ಗದಂತೆಯೇ ಇದೆ ಎಂದು ಒಪ್ಪಿದವನೇ, ಚಿತ್ರದ ಅಂಚಿನ ಕೆಂಪು ಮುದ್ರೆಗಳನ್ನು ಕಂಡು ಇದೇನೆಂದು ಕೇಳುತ್ತಾನೆ. ಆ ಪ್ರಶ್ನೆ ಹುಟ್ಟುವಂತೆ ಮಾಡುವುದು ಪರಿಚಯದ ಕೆಲಸ, ಉತ್ತರ ವಿದ್ವತ್ತಿನದು.

ಶ್ರಮವನ್ನು ಮರೆಮಾಚದ ಮಾದರಿಗಳು ಚೀನಾದಲ್ಲಿಯೇ ಇವೆ. ಹಾಂಗ್‌ಝೌ ನಗರದಲ್ಲಿ 1992ರಲ್ಲಿ ತೆರೆದ ರಾಷ್ಟ್ರೀಯ ರೇಷ್ಮೆ ಸಂಗ್ರಹಾಲಯದಲ್ಲಿ ಪುರಾತನ ವಸ್ತ್ರಗಳ ಜೊತೆಗೆ ಹುಳು ಸಾಕಣೆ ಮತ್ತು ಮಗ್ಗಗಳಿಗೂ ಸ್ಥಾನವಿದೆ. 2012-13ರಲ್ಲಿ ಚೆಂಗ್ಡು ನಗರದ ಲಾವ್‌ಗ್ವಾನ್‌ಶಾನ್‌ನ ಹಾನ್ ಕಾಲದ ಗೋರಿಯೊಂದರಲ್ಲಿ ವಿನ್ಯಾಸ ನೇಯುವ ಮಗ್ಗದ ನಾಲ್ಕು ಮಾದರಿಗಳು ದೊರೆತಾಗ, ಅವುಗಳ ಆಧಾರದಿಂದ ಕೆಲಸ ಮಾಡುವ ಮಗ್ಗವನ್ನು ಮರುನಿರ್ಮಿಸಿದ್ದು ಈ ಸಂಸ್ಥೆಯ ತಜ್ಞರು. ಚೀನಾದ ರೇಷ್ಮೆ ಕೃಷಿ ಮತ್ತು ನೇಯ್ಗೆಯ ಕೌಶಲ 2009ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಪರಂಪರೆ ಎನಿಸಿಕೊಂಡ ಕೌಶಲ ಇಲ್ಲಿ ಸುಂಕದ, ಸಾಲದ, ವಿದ್ಯುತ್ ದರದ ಸಮಸ್ಯೆಯಾಗಿ ಮಾತ್ರ ಸುದ್ದಿಯಾಗುತ್ತದೆ. ದಾಸಿಮಯ್ಯನ ವಚನಗಳಲ್ಲಿ ನೇಕಾರಿಕೆಯ ಅನುಭವವನ್ನು ಹುಡುಕುವ ಕನ್ನಡ ವಿಮರ್ಶೆ, ಇಂದಿನ ಮಗ್ಗದ ಮಾತಿಗೆ ಅಷ್ಟೇ ಕಿವಿಗೊಟ್ಟಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ಇಲ್ಲಿ ಕನ್ನಡ ವಿಭಾಗಗಳ ಹೊಣೆ ಸ್ಪಷ್ಟವಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾದಾಗ, ಕನ್ನಡ ವಿದ್ವಾಂಸರು ವಸ್ತುಗಳೊಂದಿಗೆ ಅವುಗಳ ಹೆಸರುಗಳೂ ಸಂಗ್ರಹಯೋಗ್ಯವೆಂದು ತೋರಿಸಿಕೊಟ್ಟಿದ್ದರು. ಆ ಕೆಲಸ ಮುಂದುವರಿಯಬೇಕು. ಚಾಕಿ, ಜ್ವರ, ಚಂದ್ರಿಕೆ, ಬಿಚ್ಚಾಣಿಕೆ, ಹುರಿ, ಹಾಸು, ಹೊಕ್ಕು, ಲಾಳಿ: ಹುಳುವಿನಿಂದ ಸೀರೆಯವರೆಗಿನ ಈ ಪದಸರಣಿ ಬೆಳೆಗಾರರ, ನೇಕಾರರ ನಾಲಗೆಯಲ್ಲಿ ಜೀವಂತವಾಗಿದೆ. ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ನಿಶ್ಚಲವಾಗುವುದನ್ನು ‘ಜ್ವರ’ವೆಂದು, ಹಣ್ಣಾದ ಹುಳು ಗೂಡು ಕಟ್ಟುವ ಬಿದಿರಿನ ಸಾಧನವನ್ನು ‘ಚಂದ್ರಿಕೆ’ ಎಂದು ಕರೆದ ಭಾಷೆಗೆ, ಚೀನೀ ರೇಷ್ಮೆಯ ಕಲೆಯನ್ನು ವರ್ಣಿಸಲು ಪದಗಳ ಬಡತನವಿಲ್ಲ. ಬಡತನವಿರುವುದು ಸಂಗ್ರಹಾಲಯ ಮತ್ತು ವಿಶ್ವವಿದ್ಯಾನಿಲಯಗಳ ನಡುವಣ ಸಂಪರ್ಕದಲ್ಲಿ. ವಸ್ತುವಿನ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದು ಮುಗಿಸಿ, ಕೊನೆಯ ವಾರದಲ್ಲಿ ಕನ್ನಡಕ್ಕೆ ತಿರುಗಿಸಲು ಯಾರನ್ನಾದರೂ ಹುಡುಕುವ ಕ್ರಮ ನಿಲ್ಲಬೇಕಾದರೆ, ಚೀಟಿ ಬರೆಯುವ ಮೊದಲ ದಿನವೇ ಕನ್ನಡ ಬಲ್ಲವರು ಅಲ್ಲಿರಬೇಕು. ನೇಕಾರ ಕುಟುಂಬಗಳಿಂದ ಬಂದು ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ಓದುವ ವಿದ್ಯಾರ್ಥಿಗಳು ಈ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಅರ್ಹರು. ಮನೆಯಲ್ಲಿ ಕೇಳಿದ ಮಾತು ಸಂಶೋಧನೆಯ ಸಾಮಗ್ರಿ ಎಂದು ಅವರಿಗೆ ತರಗತಿ ಮನವರಿಕೆ ಮಾಡಿಕೊಡಬೇಕು.

ಅನ್ಯ ದೇಶದ ಕಲೆಯ ಸಂಗ್ರಹಾಲಯ ಸಾರ್ವಜನಿಕರಿಗೆ ತನ್ನನ್ನು ಪರಿಚಯಿಸಿಕೊಳ್ಳುವುದೆಂದರೆ, ಆ ಸಾರ್ವಜನಿಕರನ್ನು ತಾನೂ ಪರಿಚಯ ಮಾಡಿಕೊಳ್ಳುವುದು ಎಂದೇ ಅರ್ಥ. 49 ಗ್ರಾಂ ನಿಲುವಂಗಿಯ ಎದುರು ನಿಲ್ಲುವ ದೊಡ್ಡಬಳ್ಳಾಪುರದ ನೇಕಾರ ಅಲ್ಲಿ ಬರಿಯ ಪ್ರೇಕ್ಷಕನಲ್ಲ. ಆ ವಸ್ತುವಿನ ಬಗ್ಗೆ ಸಂಗ್ರಹಾಲಯಕ್ಕೆ ತಿಳಿಯದ ಕೆಲವು ಸಂಗತಿಗಳನ್ನು ಬಲ್ಲವನು. ಆತನನ್ನು ಮಾತನಾಡಿಸುವ ಕನ್ನಡವನ್ನು ಸಿದ್ಧಪಡಿಸದೆ ತೆರೆಯುವ ಬಾಗಿಲು ಎಷ್ಟು ವಿಶಾಲವಾಗಿದ್ದರೂ, ಆತನ ಪಾಲಿಗೆ ಅದು ತೆರೆದಂತಾಗುವುದಿಲ್ಲ.