ಮೊದಲು ಕೇಬಲ್ಲನ್ನು ನೋಡಿರಿ

ಡ್ರೈವರ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಬಸ್ಸು ನಡೆಸುವಾತ. ಕಂಪ್ಯೂಟರಿನೊಳಗೂ ಡ್ರೈವರ್ ಎಂಬುದೊಂದುಂಟು. ಹೊರಗಿನಿಂದ ಬಂದು ಸೇರಿದ ಯಂತ್ರದ ಮಾತನ್ನು ಕಂಪ್ಯೂಟರಿಗೂ, ಕಂಪ್ಯೂಟರಿನ ಮಾತನ್ನು ಆ ಯಂತ್ರಕ್ಕೂ ತಿಳಿಸುವ ದುಭಾಷಿಯ ಕೆಲಸ ಅದರದು. ಈ ಬಡಪಾಯಿ ದುಭಾಷಿಯ ಮೇಲೆ ನಾನು ಮೂರು ದಿನಗಳ ಕಾಲ ಹೊರಿಸಿದ ಸುಳ್ಳು ಆರೋಪವೇ ಈ ಲೇಖನಕ್ಕೆ ಕಾರಣ.

ಇತಿಹಾಸದ ಕಿರುಪ್ರಬಂಧಕ್ಕಾಗಿ ನಮ್ಮೂರಿನ ಕೆರೆಯ ಏರಿಯ ಮೇಲಿರುವ ವೀರಗಲ್ಲುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿದ್ದೆ. ಅವನ್ನು ಸ್ನೇಹಿತನೊಬ್ಬನ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಾಗಿತ್ತು. ಕೇಬಲ್ಲು ಸಿಕ್ಕಿಸಿದೆ. ಮೊಬೈಲಿಗೆ ಚಾರ್ಜು ಏರತೊಡಗಿತು; ಕಂಪ್ಯೂಟರು ಮಾತ್ರ ಅಂಥದೊಂದು ಯಂತ್ರ ಬಂದುದನ್ನೇ ಒಪ್ಪಲಿಲ್ಲ. “ಡ್ರೈವರ್ ಇಲ್ಲ ಕಣೋ” ಎಂದ ಸ್ನೇಹಿತ. ಅವನ ಮಾತನ್ನು ನಂಬಿ, ಅಂತರ್ಜಾಲದಲ್ಲಿ ಕಂಡಕಂಡಲ್ಲಿಂದ ಮೂರು ಡ್ರೈವರುಗಳನ್ನು ತಂದು ಸೇರಿಸಿದೆವು. ಬಂದದ್ದು ಚಿತ್ರಗಳಲ್ಲ, ಪರದೆಯ ತುಂಬ ಜಾಹೀರಾತುಗಳು! ಪ್ರಬಂಧ ಒಪ್ಪಿಸುವ ಹಿಂದಿನ ಸಂಜೆ ಸಹಪಾಠಿಯೊಬ್ಬಳು ತನ್ನ ಕೇಬಲ್ಲನ್ನು ಕೊಟ್ಟಳು. ಮರುಕ್ಷಣವೇ ವೀರಗಲ್ಲುಗಳು ಪರದೆಯ ಮೇಲೆ ಎದ್ದು ನಿಂತವು. ನಾನು ಬಸ್‌ಸ್ಟ್ಯಾಂಡಿನಲ್ಲಿ ಅಗ್ಗಕ್ಕೆ ಕೊಂಡಿದ್ದ ಕೇಬಲ್ಲು ವಿದ್ಯುತ್ತನ್ನಷ್ಟೇ ಸಾಗಿಸುವಂಥದು.

ಯು.ಎಸ್.ಬಿ. ೨.೦ ಕ್ರಮದ ಕೇಬಲ್ಲಿನಲ್ಲಿ ಮುಖ್ಯವಾಗಿ ನಾಲ್ಕು ಎಳೆಗಳು: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ. ಚಾರ್ಜು ಏರುತ್ತಿದೆಯಲ್ಲ, ಕೇಬಲ್ಲು ಸರಿಯಾಗಿದೆ ಎಂದು ನಾವು ಮೋಸಹೋಗುವುದು ಇಲ್ಲಿಯೇ. ಯು.ಎಸ್.ಬಿ.ಗೆ ಸೇರಿದ ಪ್ರತಿಯೊಂದು ಯಂತ್ರವೂ ಮೊದಲು ತನ್ನ ತಯಾರಕರ ಸಂಖ್ಯೆಯನ್ನೂ ತನ್ನ ಮಾದರಿಯ ಸಂಖ್ಯೆಯನ್ನೂ ಕಂಪ್ಯೂಟರಿಗೆ ಹೇಳಬೇಕು. ಅದನ್ನು ಕೇಳಿದ ಮೇಲೆಯೇ ಕಂಪ್ಯೂಟರು ತಕ್ಕ ದುಭಾಷಿಯನ್ನು ಹುಡುಕುವುದು. ಅತಿಥಿಯ ದನಿಯೇ ಒಳಗೆ ಮುಟ್ಟದಿರುವಾಗ ದುಭಾಷಿಯನ್ನು ಬೈದು ಫಲವೇನು?

ಆದುದರಿಂದ ಪರೀಕ್ಷೆಗೆ ಒಂದು ಕ್ರಮವಿರಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ಕೇಬಲ್ಲನ್ನು ಬದಲಿಸಿರಿ; ಬಳಿಕ ಬೇರೆ ಕಿಂಡಿಗೆ ಸಿಕ್ಕಿಸಿರಿ. ಅನಂತರ ಮೊಬೈಲಿನ ಬೀಗ ತೆರೆದು, ಮೇಲಿನಿಂದ ಸೂಚನೆಗಳನ್ನು ಎಳೆದು, ‘ಫೈಲ್ ಟ್ರಾನ್ಸ್‌ಫರ್’ ಎಂಬುದನ್ನು ಆರಿಸಿರಿ. ೨೦೧೫ರಲ್ಲಿ ಬಂದ ಆಂಡ್ರಾಯ್ಡ್ ೬ರಿಂದೀಚೆಗೆ, ನಾವು ಅಪ್ಪಣೆ ಕೊಡದೆ ಮೊಬೈಲು ತನ್ನ ಕಡತಗಳನ್ನು ಬಿಟ್ಟುಕೊಡುವುದಿಲ್ಲ. ಇಷ್ಟಾದ ಮೇಲೂ ಆಗದಿದ್ದರೆ ವಿಂಡೋಸಿನ ‘ಡಿವೈಸ್ ಮ್ಯಾನೇಜರ್’ ತೆರೆದು ನೋಡಿರಿ. ಕೇಬಲ್ಲು ಸಿಕ್ಕಿಸಿದಾಗ ಅಲ್ಲಿ ಏನೊಂದೂ ಬದಲಾಗದಿದ್ದರೆ ತಪ್ಪು ಡ್ರೈವರಿನದಾಗಿರುವುದು ಅಪರೂಪ. ಹಳದಿ ಗುರುತಿನೊಡನೆ ‘ಕೋಡ್ ೨೮’ ಎಂದು ಕಂಡರೆ ಡ್ರೈವರ್ ನಿಜವಾಗಿಯೂ ಇಲ್ಲ. ‘ಕೋಡ್ ೪೩’ ಎಂದು ಕಂಡರೆ ಯಂತ್ರವೇ ತೊಂದರೆಯನ್ನು ವರದಿಮಾಡಿದೆ ಎಂದರ್ಥ. ಕೇಬಲ್ಲನ್ನೂ ಕಿಂಡಿಯನ್ನೂ ಇನ್ನೊಮ್ಮೆ ನೋಡಿರಿ. ಚಿತ್ರಗಳನ್ನು ಸಾಗಿಸಲು ಬೇಕಾದ ‘ಎಂ.ಟಿ.ಪಿ.’ ಡ್ರೈವರ್ ಸಾಮಾನ್ಯವಾಗಿ ವಿಂಡೋಸಿನೊಡನೆಯೇ ಬಂದಿರುತ್ತದೆ. ‘ಅಪ್‌ಡೇಟ್ ಡ್ರೈವರ್’ನಲ್ಲಿ ಪಟ್ಟಿಯನ್ನು ತೆರೆಸಿ ‘ಎಂ.ಟಿ.ಪಿ. ಯು.ಎಸ್.ಬಿ. ಡಿವೈಸ್’ ಎಂಬುದನ್ನು ಆರಿಸಬಹುದು. ಬೇರೆಯದೇ ಬೇಕಾದರೆ ಮೊಬೈಲು ತಯಾರಿಸಿದವರ ತಾಣದಿಂದ ಮಾತ್ರ ತರಬೇಕು.

“ವಾಟ್ಸ್ಆ್ಯಪ್ ಇರುವಾಗ ಇಷ್ಟೆಲ್ಲ ಏಕೆ?” ಎನ್ನುವವರಿದ್ದಾರೆ. ಅಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರ ಕುಗ್ಗಿ ಬರುತ್ತದೆ. ಸವೆದ ಕಲ್ಲಿನ ಅಕ್ಷರಗಳನ್ನು ಓದಬೇಕಾದವನಿಗೆ ಅದು ಸಾಲದು. “ಕಲಾ ವಿದ್ಯಾರ್ಥಿಗೆ ಈ ಉಸಾಬರಿ ಏಕೆ?” ಎನ್ನುವವರೂ ಉಂಟು. ಒಂದು ಶಾಸನದ ಕಾಲವನ್ನು ನಿರ್ಣಯಿಸುವಾಗ ಕಣ್ಣಿಗೆ ಕಾಣುವ ಆಧಾರವನ್ನು ಮೊದಲು ನೋಡಿ, ಊಹೆಯನ್ನು ಕೊನೆಗೆ ಇಡಬೇಕೆಂದು ನಮ್ಮ ಅಧ್ಯಾಪಕರು ಕಲಿಸಿದ್ದಾರೆ. ಅದನ್ನೇ ಇಲ್ಲಿಯೂ ಮಾಡಿದ್ದರೆ ಮೂರು ದಿನ ಉಳಿಯುತ್ತಿತ್ತು. ಕಂಪ್ಯೂಟರಿನ ಮುಂದೆ ಕುಳಿತೊಡನೆ ನಾವು ಕಲಿತುದನ್ನೆಲ್ಲ ಮರೆತು, ತಿಳಿಯದ ಹೆಸರಿಗೆ ಹೆದರಿಬಿಡುತ್ತೇವೆ.

ಈ ಹೆದರಿಕೆಗೆ ಇನ್ನೊಂದು ಕಾರಣವುಂಟು. ಮನೆಯಲ್ಲಿ ಕೇಳಲು ಅಣ್ಣನೋ ಅಕ್ಕನೋ ಇದ್ದವರಿಗೆ ಇಂಥವು ಮಾತಿನ ನಡುವೆ ತಿಳಿದುಬರುತ್ತವೆ. ಮನೆಗೆ ಮೊದಲನೆಯವರಾಗಿ ಕಾಲೇಜು ಮೆಟ್ಟಿಲು ಹತ್ತಿದ ನನ್ನಂಥವರು ಯಂತ್ರ ಕೆಲಸಮಾಡದಿದ್ದರೆ ತಪ್ಪು ತಮ್ಮದೇ ಎಂದುಕೊಂಡು ಸುಮ್ಮನಾಗುತ್ತಾರೆ, ಕೇಳಲು ಸಂಕೋಚ. ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ, ಮೇಲೆ ಹೇಳಿದ ಕ್ರಮವನ್ನು ಅಚ್ಚಗನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿದರೆ, ಮಾಹಿತಿ ಸಾಗಿಸುವ ಒಂದು ಒಳ್ಳೆಯ ಕೇಬಲ್ಲನ್ನು ಅದರ ಪಕ್ಕದಲ್ಲಿ ತೂಗುಹಾಕಿದರೆ, ಸಾಕು. ಹೆಚ್ಚಿನ ವೆಚ್ಚವೇನಿಲ್ಲ. ಪೂಜ್ಯ ಅಧ್ಯಾಪಕರು ಒಪ್ಪಿದರೆ ಹಾಳೆಯನ್ನು ಬರೆದುಕೊಡಲು ನಾನು ಸಿದ್ಧ. ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ, ಹಾಳೆ ಇರಲಿ.