ಗೋಣಿತಟ್ಟು, ಬೂದಿ ಮತ್ತು ಹರಿದ ಬಟ್ಟೆ

ಇಂಗ್ಲಿಷ್ ಪುಸ್ತಕಗಳನ್ನು ಓದುವ ವಿದ್ಯಾರ್ಥಿಗಳಿಗೆ ಎಂದಾದರೊಮ್ಮೆ ‘ಸ್ಯಾಕ್‌ಕ್ಲಾತ್ ಅಂಡ್ ಆ್ಯಶಸ್’ ಎಂಬ ಮಾತು ಎದುರಾಗದೆ ಇರದು. ನಿಘಂಟು ತೆರೆದರೆ ‘ಪಶ್ಚಾತ್ತಾಪ’, ‘ಶೋಕ’ ಎಂಬ ಅರ್ಥ ಸಿಗುತ್ತದೆ. ಅರ್ಥವೇನೋ ಸರಿಯೆ. ಆದರೆ ಆ ಮಾತಿನೊಳಗಿರುವ ಬಟ್ಟೆ ಎಂಥದು, ಅದನ್ನು ಯಾರು ಉಟ್ಟರು, ಯಾಕೆ ಉಟ್ಟರು ಎಂಬುದನ್ನು ನಿಘಂಟು ಹೇಳುವುದಿಲ್ಲ. ಅದು ಬೈಬಲಿನ ಹಳೆಯ ಒಡಂಬಡಿಕೆಯಿಂದ ಬಂದ ಮಾತು. ಕನ್ನಡ ಬೈಬಲಿನಲ್ಲಿ ಆ ಬಟ್ಟೆಗೆ ‘ಗೋಣಿತಟ್ಟು’ ಎಂಬ ಹೆಸರಿದೆ.

ಗೋಣಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಕ್ಕಿ, ರಾಗಿ ತುಂಬುವ ಸೆಣಬಿನ ಚೀಲ. ಬೈಬಲಿನ ನಾಡಿನ ತಟ್ಟು ಸೆಣಬಿನದಲ್ಲ, ಮೇಕೆಯ ಕೂದಲಿನದು. ಕಪ್ಪು ಬಣ್ಣ, ಮೈಗೆ ಚುಚ್ಚುವಷ್ಟು ಒರಟು. ಮರುಭೂಮಿಯ ಅಲೆಮಾರಿಗಳ ಕಪ್ಪು ಗುಡಾರಗಳೂ ಇದೇ ಕೂದಲಿನ ಬಟ್ಟೆಯವು. ಹೀಬ್ರೂ ಭಾಷೆಯಲ್ಲಿ ಅದಕ್ಕೆ ‘ಸಕ್’ ಎನ್ನುತ್ತಾರೆ. ಆ ಪದವೇ ಗ್ರೀಕ್, ಲ್ಯಾಟಿನ್ ದಾಟಿ ಇಂಗ್ಲಿಷಿನಲ್ಲಿ ‘ಸ್ಯಾಕ್’ ಆಯಿತು. ಹೀಬ್ರೂವಿನಲ್ಲಿ ದವಸದ ಚೀಲಕ್ಕೂ ಶೋಕದ ಉಡುಪಿಗೂ ಒಂದೇ ಹೆಸರು. ಹಾಗೆ ನೋಡಿದರೆ ನಮ್ಮ ಅನುವಾದಕರು ‘ಗೋಣಿ’ ಎಂದದ್ದು ಬಹಳ ಸೊಗಸಾಗಿಯೇ ಹೊಂದುತ್ತದೆ.

ಈ ಎರಡೂ ಅರ್ಥಗಳು ಆದಿಕಾಂಡದ ಒಂದೇ ಕಥೆಯಲ್ಲಿ ಬರುತ್ತವೆ. ಯೋಸೇಫನನ್ನು ಅವನ ಅಣ್ಣಂದಿರು ಮಾರಿ, ಅವನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ಮುದಿ ತಂದೆಗೆ ತೋರಿಸುತ್ತಾರೆ. ಕಾಡುಮೃಗ ಮಗನನ್ನು ತಿಂದಿತೆಂದು ನಂಬಿದ ಯಾಕೋಬ ಬಟ್ಟೆ ಹರಿದುಕೊಂಡು, ಸೊಂಟಕ್ಕೆ ಗೋಣಿತಟ್ಟು ಕಟ್ಟಿಕೊಂಡು, ಯಾರು ಸಮಾಧಾನ ಹೇಳಿದರೂ ಕೇಳದೆ ಅಳುತ್ತಾನೆ. ವರ್ಷಗಳು ಉರುಳುತ್ತವೆ. ಬರಗಾಲದಲ್ಲಿ ಅದೇ ಅಣ್ಣಂದಿರು ಈಜಿಪ್ಟಿಗೆ ಹೋಗಿ ಧಾನ್ಯ ತರುತ್ತಾರೆ. ತಂದು ಬಿಚ್ಚಿದರೆ ಪ್ರತಿಯೊಂದು ‘ಸಕ್’ನಲ್ಲೂ ಅವರು ಕೊಟ್ಟ ಹಣ ಹಾಗೆಯೇ ಇದೆ! ಸತ್ತನೆಂದು ತಂದೆ ಯಾರಿಗಾಗಿ ತಟ್ಟು ಉಟ್ಟನೋ ಅವನೇ ಈ ತಟ್ಟಿನ ಚೀಲಗಳಲ್ಲಿ ಹಣ ಇಡಿಸಿದ್ದಾನೆ. ಇನ್ನೊಂದು ಸಂಗತಿ. ಈ ಯಾಕೋಬನೇ ಹಿಂದೊಮ್ಮೆ ಕೈಗೆ, ಕತ್ತಿಗೆ ಮೇಕೆಮರಿಯ ಚರ್ಮ ಸುತ್ತಿಕೊಂಡು ಕುರುಡ ತಂದೆಯನ್ನು ವಂಚಿಸಿದ್ದ. ಮೇಕೆಯ ಚರ್ಮ, ಹೋತದ ರಕ್ತ, ಕೊನೆಗೆ ಮೇಕೆಯ ಕೂದಲು. ಕಥೆಗಾರ ಎಲ್ಲಿಯೂ ಇದನ್ನು ಬೆರಳಿಟ್ಟು ತೋರಿಸುವುದಿಲ್ಲ.

ಬಟ್ಟೆ ಹರಿದುಕೊಳ್ಳುವುದು ನಮಗೆ ನಾಟಕದ ಆರ್ಭಟದಂತೆ ಕಾಣಬಹುದು. ಆದರೆ ಆ ಕಾಲದಲ್ಲಿ ಬಟ್ಟೆಯ ಬೆಲೆ ಎಷ್ಟೆಂಬುದನ್ನು ನೆನೆಯಬೇಕು. ಬಡವನ ಮೇಲುಹೊದಿಕೆಯನ್ನು ಅಡವಿಟ್ಟುಕೊಂಡರೆ ಸಂಜೆಯೊಳಗೆ ಹಿಂದಿರುಗಿಸಬೇಕು, ರಾತ್ರಿ ಹೊದೆಯಲು ಅವನಿಗೆ ಬೇರೆ ಇಲ್ಲ ಎಂದು ವಿಮೋಚನಕಾಂಡದ ಕಟ್ಟಳೆಯೇ ಇದೆ. ಇರುವ ಒಂದನ್ನೇ ಹರಿದುಕೊಳ್ಳುವುದು ನಿಜವಾದ ನಷ್ಟ. ತಲೆಗೆ ಸುರಿದುಕೊಳ್ಳುವ ಬೂದಿಗಾದರೋ ಬೆಲೆಯಿಲ್ಲ. ಉರಿದು ಮುಗಿದದ್ದರ ಗುರುತು ಅದು.

ಗುರುತು ಇದ್ದಲ್ಲಿ ಸೋಗೂ ಇರುತ್ತದಷ್ಟೆ. ಬೈಬಲಿನವರು ಇದನ್ನು ಚೆನ್ನಾಗಿ ಬಲ್ಲರು. ದಾವೀದನ ಸೇನಾಪತಿ ಯೋವಾಬ ತೆಕೋವ ಎಂಬ ಊರಿನಿಂದ ಜಾಣೆಯೊಬ್ಬಳನ್ನು ಕರೆಸಿ, ಶೋಕದ ಬಟ್ಟೆ ಉಡಿಸಿ, ಎಣ್ಣೆ ಹಚ್ಚಿಕೊಳ್ಳಬೇಡವೆಂದು ಹೇಳಿಕೊಟ್ಟು, ಕಟ್ಟುಕಥೆಯೊಂದಿಗೆ ಅರಸನ ಬಳಿ ಕಳಿಸುತ್ತಾನೆ. ಬಟ್ಟೆಯನ್ನಲ್ಲ, ಹೃದಯವನ್ನು ಹರಿದುಕೊಳ್ಳಿ ಎಂಬರ್ಥದ ಮಾತನ್ನು ಪ್ರವಾದಿ ಯೋವೇಲ ಹೇಳಿದ. ತಟ್ಟು ಹಾಸಿ ಬೂದಿಯಲ್ಲಿ ಕೂತರೆ ಉಪವಾಸವಾಯಿತೆ, ಹಸಿದವನಿಗೆ ಅನ್ನ ಹಂಚುವುದಲ್ಲವೆ ಉಪವಾಸ ಎಂಬುದು ಯೆಶಾಯನ ಗ್ರಂಥದ ತಕರಾರು. ಉಪವಾಸವಿದ್ದಾಗ ಮುಖ ಸಪ್ಪೆ ಮಾಡಿಕೊಳ್ಳದೆ ಎಣ್ಣೆ ಹಚ್ಚಿ ಮುಖ ತೊಳೆಯಿರೆಂದು ಯೇಸು ಹೇಳಿದ್ದೂ ಈ ಜಾಡಿನಲ್ಲಿಯೇ.

ಹಾಗಾದರೆ ಹೊರಗಿನದೆಲ್ಲ ಸೋಗು, ಒಳಗಿನದಷ್ಟೇ ನಿಜವೆ? ಸಾವಿನ ಮನೆಗೆ ಹೋಗಿಬಂದ ಮಕ್ಕಳು ಕೇಳುವ ಪ್ರಶ್ನೆಯೂ ಇದೇ ಅಲ್ಲವೆ: ದುಃಖ ಮನಸ್ಸಿನಲ್ಲಿದ್ದರೆ ಸಾಲದೆ, ಇಷ್ಟೆಲ್ಲ ಯಾಕೆ? ಹೌದೆಂದು ತಲೆಯಾಡಿಸಿಬಿಡುವುದು ಸುಲಭ. ಬೈಬಲಿನ ಅರಸರ ಕಥೆಗಳು ಅಷ್ಟು ಸುಲಭದಲ್ಲಿ ಒಪ್ಪುವುದಿಲ್ಲ.

ನಾಬೋತನೆಂಬವನ ದ್ರಾಕ್ಷಿತೋಟದ ಆಸೆಗೆ ಅವನನ್ನು ಕೊಲ್ಲಿಸಿದ ಮನೆತನದ ಯಜಮಾನ ಅಹಾಬ. ಪ್ರವಾದಿ ಎಲೀಯ ಬಂದು ಛೀಮಾರಿ ಹಾಕಿದಾಗ ಅವನು ಎಲ್ಲರಿಗೂ ಕಾಣುವಂತೆ ಬಟ್ಟೆ ಹರಿದುಕೊಂಡು ತಟ್ಟು ಉಡುತ್ತಾನೆ, ಅದರಲ್ಲೇ ಮಲಗುತ್ತಾನೆ, ಮೆತ್ತಗೆ ನಡೆಯುತ್ತಾನೆ. ತೋಟ ಹಿಂದಿರುಗಿಸಿದನೆಂದು ಮಾತ್ರ ಎಲ್ಲಿಯೂ ಬರೆದಿಲ್ಲ. ಆದರೂ ದೇವರು ಅವನ ತಗ್ಗುವಿಕೆಯನ್ನು ಗಮನಿಸಿ ಶಿಕ್ಷೆಯನ್ನು ಮುಂದಕ್ಕೆ ಹಾಕಿದನಂತೆ. ಇದಕ್ಕೆ ಎದುರಾಗಿ ಇನ್ನೊಬ್ಬ ಅರಸ. ಸಮಾರ್ಯ ಪಟ್ಟಣಕ್ಕೆ ಶತ್ರುಗಳು ಮುತ್ತಿಗೆ ಹಾಕಿದ್ದಾರೆ; ಕತ್ತೆಯ ತಲೆಯೊಂದಕ್ಕೆ 80 ಬೆಳ್ಳಿ ನಾಣ್ಯ ಕೊಡಬೇಕಾದ ಹಸಿವು. ಕೋಟೆಯ ಗೋಡೆಯ ಮೇಲೆ ನಡೆಯುತ್ತಿದ್ದ ಅರಸ ಒಬ್ಬ ತಾಯಿಯ ಭಯಂಕರ ದೂರನ್ನು ಕೇಳಿ ಮೇಲುಡುಪನ್ನು ಹರಿದುಕೊಳ್ಳುತ್ತಾನೆ. ಆಗ ಜನ ನೋಡುತ್ತಾರೆ: ರಾಜವಸ್ತ್ರದ ಒಳಗೆ, ಮೈಗೆ ತಾಗಿ, ಗೋಣಿತಟ್ಟು! ಎಷ್ಟು ದಿನದಿಂದ ಉಟ್ಟಿದ್ದನೋ. ಓದುವವರ ಮನಸ್ಸು ಕರಗುತ್ತದೆ. ಆದರೆ ಮರುಗಳಿಗೆಯೇ ಅವನು, ಈ ದಿನ ಪ್ರವಾದಿ ಎಲೀಷನ ತಲೆ ತೆಗೆಯುತ್ತೇನೆಂದು ಆಣೆ ಇಡುತ್ತಾನೆ. ಗುಟ್ಟಾಗಿ ಉಟ್ಟದ್ದೂ ಮನಸ್ಸನ್ನು ತಿದ್ದಲಿಲ್ಲ.

ಒಳಗೆ ಉಡುವ ಈ ಪದ್ಧತಿ ಮುಂದೆಯೂ ಉಳಿಯಿತು. 1170ರಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿ ದೇವಾಲಯದಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಕೊಲೆಯಾದಾಗ ಅವನ ಭರ್ಜರಿ ವಸ್ತ್ರಗಳ ಕೆಳಗೆ ಒರಟು ಕೂದಲಿನ ಅಂಗಿ ಸಿಕ್ಕಿತು.

ಎಸ್ತೇರಳ ಗ್ರಂಥದಲ್ಲಿ ತಟ್ಟಿಗೆ ಬೇರೊಂದು ಕೆಲಸ. ಪರ್ಷಿಯಾದ ರಾಜಧಾನಿ ಶೂಷನ್. ಯೆಹೂದಿಗಳನ್ನೆಲ್ಲ ಕೊಲ್ಲಬೇಕೆಂದು ಆಜ್ಞೆ ಹೊರಟಿದೆ. ಯೆಹೂದಿ ಮೊರ್ದೆಕೈ ತಟ್ಟು ಉಟ್ಟು, ಬೂದಿ ಹಾಕಿಕೊಂಡು, ಊರ ನಡುವೆ ಗೋಳಿಡುತ್ತಾ ಅರಮನೆಯ ಬಾಗಿಲವರೆಗೆ ಬರುತ್ತಾನೆ. ಅಲ್ಲಿಂದ ಒಳಗೆ ಹೋಗುವಂತಿಲ್ಲ. ತಟ್ಟು ಉಟ್ಟವರಿಗೆ ಅರಮನೆಯಲ್ಲಿ ಪ್ರವೇಶವಿಲ್ಲ. ದುಃಖ ಕಣ್ಣಿಗೆ ಬೀಳಬಾರದೆಂಬ ಏರ್ಪಾಡು ಎಲ್ಲ ಅರಮನೆಗಳದೂ ಹೀಗೆಯೇ ಇರಬೇಕು. ಅವನು ಸಾಕಿದ ಎಸ್ತೇರಳು ಈಗ ರಾಣಿ. ಅವಳು ಒಳ್ಳೆಯ ಬಟ್ಟೆ ಕಳಿಸುತ್ತಾಳೆ. ಅವನು ಮುಟ್ಟುವುದಿಲ್ಲ. ಮುಟ್ಟಿದ್ದರೆ ಸಂಗತಿ ಅವಳಿಗೆ ತಿಳಿಯುತ್ತಿರಲಿಲ್ಲವೇನೋ. ಮಡಿಸಿದ ಬಟ್ಟೆ ವಾಪಸು ಬಂದ ಮೇಲೆಯೇ ಏನಾಗಿದೆಯೆಂದು ವಿಚಾರಿಸಲು ಆಳು ಕಳಿಸುತ್ತಾಳೆ. ಕೊನೆಗೆ ಮೂರು ದಿನದ ಉಪವಾಸ ಮಾಡಿ, ರಾಜವಸ್ತ್ರ ತೊಟ್ಟು, ಪ್ರಾಣದ ಹಂಗು ತೊರೆದು ಅರಸನ ಮುಂದೆ ನಿಲ್ಲುತ್ತಾಳೆ.

ನಿನೆವೆಯ ಜನ ಪಶ್ಚಾತ್ತಾಪಪಟ್ಟಾಗ ದನಕರುಗಳಿಗೂ ತಟ್ಟು ಹೊದಿಸಿದರೆಂದು ಯೋನನ ಕಥೆ ಹೇಳುತ್ತದೆ. ಮಕ್ಕಳು ಇಲ್ಲಿ ನಗುತ್ತಾರೆ, ನಗಲಿ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವವಳು ರಿಚ್ಪ. ಸತ್ತುಹೋದ ಅರಸ ಸೌಲನ ಉಪಪತ್ನಿ. ಮೂರು ವರ್ಷದ ಬರ. ಸೌಲ ಹಿಂದೆ ಗಿಬ್ಯೋನ್ಯರನ್ನು ಕೊಲ್ಲಿಸಿದ ಪಾಪಕ್ಕೆ ಈ ಬರ ಬಂದಿದೆಯೆಂದಾಗುತ್ತದೆ. ಅವರು ಸೌಲನ ವಂಶದ ಏಳು ಗಂಡಸರನ್ನು ಕೇಳುತ್ತಾರೆ, ದಾವೀದ ಕೊಡುತ್ತಾನೆ. ಅವರಲ್ಲಿ ಇಬ್ಬರು ರಿಚ್ಪಳ ಮಕ್ಕಳು. ಕೊಂದು ಬೆಟ್ಟದ ಮೇಲೆ ಹಾಗೆಯೇ ಬಿಡುತ್ತಾರೆ. ಅದು ಜವೆಗೋಧಿ ಕೊಯ್ಲಿನ ಆರಂಭ. ರಿಚ್ಪ ಗೋಣಿತಟ್ಟನ್ನು ತೆಗೆದುಕೊಂಡು ಹೋಗಿ ಬಂಡೆಯ ಮೇಲೆ ಹಾಸಿಕೊಳ್ಳುತ್ತಾಳೆ. ಹಗಲು ಹಕ್ಕಿಗಳು, ಇರುಳು ಕಾಡುಮೃಗಗಳು ಹೆಣಗಳನ್ನು ಮುಟ್ಟದಂತೆ ಕಾಯುತ್ತಾಳೆ, ಮಳೆ ಬರುವ ತನಕ. ಆ ನಾಡಿನಲ್ಲಿ ಜವೆಗೋಧಿ ಕೊಯ್ಲು ಏಪ್ರಿಲ್ ಹೊತ್ತಿಗೆ, ಮಳೆಗಾಲ ಶುರುವಾಗುವುದು ಅಕ್ಟೋಬರ್ ಸುಮಾರಿಗೆ. ಅಕಾಲದ ಮಳೆ ಬಂದಿರದಿದ್ದರೆ ಅವಳು ಕುಳಿತದ್ದು ಹತ್ತಿರ ಹತ್ತಿರ ಆರು ತಿಂಗಳು. ಕಾದದ್ದು ತನ್ನ ಇಬ್ಬರನ್ನಷ್ಟೇ ಅಲ್ಲ, ಏಳೂ ಮಂದಿಯನ್ನು.

ಅವಳು ಆಡಿದ ಒಂದು ಮಾತನ್ನೂ ಗ್ರಂಥ ದಾಖಲಿಸಿಲ್ಲ. ತಟ್ಟು ಅಷ್ಟೆ ಇದೆ. ಸುದ್ದಿ ದಾವೀದನಿಗೆ ಮುಟ್ಟುತ್ತದೆ. ಅವನು ಸೌಲನ, ಯೋನಾತಾನನ ಎಲುಬುಗಳನ್ನು ತರಿಸಿ ಪೂರ್ವಿಕರ ಸಮಾಧಿಯಲ್ಲಿ ಇಡಿಸುತ್ತಾನೆ; ಬೆಟ್ಟದ ಮೇಲಿನವರ ಎಲುಬುಗಳನ್ನೂ ಕೂಡಿಸುತ್ತಾರೆ. ನಾಡಿನ ಮೊರೆಯನ್ನು ದೇವರು ಕೇಳಿದ್ದು ಅದಾದ ಮೇಲೆ ಎಂದು ಬರೆದಿದೆ, ಏಳು ಜನರನ್ನು ಕೊಂದ ಕೂಡಲೆ ಎಂದಲ್ಲ. ಮನಸ್ಸಿನಲ್ಲೇ ಅತ್ತಿದ್ದರೆ ಅರಸನಿಗೆ ಯಾರು ಹೇಳುತ್ತಿದ್ದರು?

ಇಂದು ಗೋಣಿತಟ್ಟನ್ನು ಉಡುವವರು ತೀರ ವಿರಳ. ಬೂದಿ ಮಾತ್ರ ಉಳಿದಿದೆ: ಹಿಂದಿನ ವರ್ಷದ ಗರಿಗಳ ಹಬ್ಬದ ಗರಿಗಳನ್ನು ಸುಟ್ಟ ಬೂದಿಯನ್ನು ಕ್ಯಾಥೊಲಿಕರು ಬೂದಿ ಬುಧವಾರದಂದು ಹಣೆಗೆ ಹಚ್ಚಿಸಿಕೊಳ್ಳುತ್ತಾರೆ. ಬಟ್ಟೆ ಹರಿಯುವುದು ಯೆಹೂದಿಗಳಲ್ಲಿ ಉಳಿದಿದೆ. ಅದಕ್ಕೆ ‘ಕೆರಿಯಾ’ ಎಂದು ಹೆಸರು. ಈಗ ಎಷ್ಟೋ ಮಂದಿ ಅಂಗಿಗೆ ಕಪ್ಪು ಪಟ್ಟಿ ಸಿಕ್ಕಿಸಿಕೊಂಡು ಅದನ್ನೇ ಹರಿಯುತ್ತಾರೆ. ಸಂಪ್ರದಾಯಸ್ಥರು ಬಟ್ಟೆಯನ್ನೇ ಹರಿಯುತ್ತಾರೆ. ಹೆಂಡತಿ, ಗಂಡ, ಮಕ್ಕಳು, ಒಡಹುಟ್ಟಿದವರಿಗೆ ಬಲಗಡೆ. ತಂದೆ ತಾಯಿಗೆ ಎಡಗಡೆ, ಎದೆಯ ಮೇಲೆ. ಬೇರೆಯವರಿಗಾಗಿ ಹರಿದದ್ದನ್ನು 30 ದಿನ ಕಳೆದ ಮೇಲೆ ಸರಿಯಾಗಿ ಹೊಲಿದುಕೊಳ್ಳಬಹುದು. ತಂದೆ ತಾಯಿಗಾಗಿ ಹರಿದದ್ದಕ್ಕೆ ಕಚ್ಚಾ ಹೊಲಿಗೆ ಹಾಕಬಹುದೇ ಹೊರತು ಪೂರ್ತಿ ಹೊಲಿಯುವಂತಿಲ್ಲ. ಅಂಥ ಬಟ್ಟೆಯನ್ನು ಮಾರಿದರೆ ಕೊಂಡವನೂ ಹೊಲಿಯಬಾರದು. ಆದ್ದರಿಂದ ಈ ಹರುಕು ಯಾವುದೆಂದು ಮಾರುವವನು ಮೊದಲೇ ಹೇಳಿರಬೇಕು ಎನ್ನುತ್ತದೆ ತಾಲ್ಮುದ್.