ಮನೆವಾರ್ತೆ: ಅಗ್ಗದ ಕಣದ ಬಾಕಿ ಲೆಕ್ಕ

ಸಂಸಾರಸ್ಥನಾದವನು ಪೇಟೆಯಿಂದ ಗಂಟು ಹೊತ್ತು ಮನೆಗೆ ಮರಳಿದಾಗ ಎದುರಾಗುವ ಮೊದಲನೆಯ ಪ್ರಶ್ನೆ ‘ಎಷ್ಟಕ್ಕೆ ಕೊಟ್ಟ?’ ಎಂಬುದು. ಎರಡನೆಯದು ‘ಇನ್ನೂ ಸ್ವಲ್ಪ ಚೌಕಾಸಿ ಮಾಡಬಾರದಾಗಿತ್ತೆ?’ ಎಂಬುದು. ಈ ಎರಡಕ್ಕೂ ತಕ್ಕ ಉತ್ತರ ಕೊಡಬಲ್ಲವನೇ ಜಾಣನೆಂದು ನಾನೂ ಇಷ್ಟು ಕಾಲ ನಂಬಿದ್ದೆನು. ಕೇಳಬೇಕಾದ ಮೂರನೆಯ ಪ್ರಶ್ನೆಯೊಂದು ಉಂಟೆಂಬುದನ್ನು ಈಚೆಗೆ ನನಗೆ ಕಲಿಸಿದವರು ನಮ್ಮ ಚಿಕ್ಕಮ್ಮನವರು. ಅದನ್ನು ವಾಚಕರ ಮುಂದಿಡುವುದೇ ಈ ತಿಂಗಳ ಮನೆವಾರ್ತೆ.

ನನ್ನ ತಂಗಿಯ ಮಗಳಿಗೆ ಲಗ್ನ ಗೊತ್ತಾಯಿತು. ಸೋದರಮಾವನೆಂದ ಮೇಲೆ ಬಟ್ಟೆಬರೆಯ ಭಾರ ನನ್ನ ಪಾಲಿಗೆ ಬಂದಿತು. ಮನೆಯಾಕೆ ಪಟ್ಟಿ ಬರೆದಳು: ಮದುವಣಗಿತ್ತಿಗೆ ಒಂದು ರೇಷ್ಮೆಯ ಸೀರೆ, ಹತ್ತಿರದ ನಂಟರಿಗೆ 24 ಸೀರೆ, ಬಂದ ಮುತ್ತೈದೆಯರಿಗೆ ತಾಂಬೂಲದೊಡನೆ ಕೊಡಲು 150 ರವಿಕೆ ಕಣ. ಮಗ್ಗಗಳ ಊರೆಂದು ಹೆಸರಾದ ದೊಡ್ಡಬಳ್ಳಾಪುರಕ್ಕೆ ಹೊರಟೆನು. ವಿದ್ಯುತ್ ಮಗ್ಗಗಳ ಸದ್ದು ಕೇಳದ ಬೀದಿಯನ್ನು ಆ ಊರಿನಲ್ಲಿ ಹುಡುಕಬೇಕಷ್ಟೆ.

ಜವಳಿ ಅಂಗಡಿಯವನು ಕಣದ ಎರಡು ಕಟ್ಟುಗಳನ್ನು ಮುಂದಿಟ್ಟನು. ಒಂದಕ್ಕೆ ಕಣವೊಂದರ ಬೆಲೆ 60 ರೂಪಾಯಿ, ಇನ್ನೊಂದಕ್ಕೆ 35. ನೋಡುವ ಕಣ್ಣಿಗೆ ಎರಡೂ ಒಂದೇ. ಭೇದವೇನೆಂದು ಕೇಳಿದೆನು. ‘ಕೊಡುವ ಕಣಕ್ಕೆ ಇದು ಸಾಕು ಸ್ವಾಮಿ. ಯಾರು ಹೊಲಿಸಿ ತೊಡುತ್ತಾರೆ?’ ಎಂದು ಅವನು ನಗುತ್ತ ಅಗ್ಗದ ಕಟ್ಟನ್ನೇ ನನ್ನ ಕಡೆಗೆ ತಳ್ಳಿದನು. ಕಣಕ್ಕೆ 25 ರೂಪಾಯಿಯಂತೆ 3,750 ರೂಪಾಯಿ ಉಳಿಯಿತೆಂದು ಮನಸ್ಸಿನಲ್ಲೇ ಹಿಗ್ಗಿ, ಮುಂಗಡ ಕೊಟ್ಟು, ಕಟ್ಟನ್ನು ತೆಗೆದಿರಿಸಲು ಹೇಳಿ, ಮಾದರಿಗೆಂದು ನಾಲ್ಕು ಕಣಗಳನ್ನು ಮಾತ್ರ ಕೈಯಲ್ಲಿ ಹಿಡಿದು ಹೊರಟೆನು.

ದೊಡ್ಡಬಳ್ಳಾಪುರದ ಕೆಳಗಡೆ, ಕೆರೆಯಂಚಿನ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನವರಿದ್ದಾರೆ. ಮದುವೆಗೆ ಕರೆಯುವುದಕ್ಕಾಗಿ ಅಲ್ಲಿಗೆ ಹೋಗಿ, ಮಾದರಿಯ ಕಣಗಳಲ್ಲಿ ಕೆಂಪು ಬಣ್ಣದ್ದೊಂದನ್ನು ಎಲೆಯಡಕೆಯೊಡನೆ ಅವರ ಕೈಗಿತ್ತು ನಮಸ್ಕರಿಸಿದೆನು. ಅವರು ಕಣವನ್ನು ಬೆರಳಿನಿಂದ ತಡವಿ ನೋಡಿದರು. ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಅದರ ಅಂಚನ್ನು ಅದ್ದಿದರು. ಕ್ಷಣಮಾತ್ರದಲ್ಲಿ ನೀರು ಕೆಂಪಾಯಿತು.

‘ಎಷ್ಟು ಕೊಟ್ಟೆಯಪ್ಪಾ ಇದಕ್ಕೆ?’

ಮೂವತ್ತೈದೆಂದೂ, ಅರುವತ್ತರದನ್ನು ಬಿಟ್ಟು ಬಂದೆನೆಂದೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನು.

‘ಉಳಿದ ಇಪ್ಪತ್ತೈದನ್ನು ಯಾರು ತೆತ್ತರು, ಕೇಳಿದೆಯಾ?’

ನನಗೆ ಅರ್ಥವಾಗಲಿಲ್ಲ. ಅವರು ಮೂಲೆಯಲ್ಲಿದ್ದ ನೀರಿನ ಕ್ಯಾನನ್ನು ತೋರಿಸಿದರು. ‘ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಕೆರೆಯ ಕೆಳಗಿನ ಬಾವಿಯ ನೀರನ್ನೇ ಸೇದಿ ಕುಡಿಯುತ್ತಿದ್ದೆವು. ಈಗ ಕೊಳವೆಬಾವಿಯ ನೀರನ್ನು ಬಾಯಿಗೆ ಬಿಡುವಂತಿಲ್ಲ. ಎಮ್ಮೆಯನ್ನು ಕೆರೆಗೆ ಇಳಿಸುವುದಕ್ಕೂ ಹೆದರಿಕೆ. ತಿಂಗಳಿಗೆ ಹದಿನೈದು ಕ್ಯಾನು ಬೇಕು. ಒಂದಕ್ಕೆ ಮೂವತ್ತು ರೂಪಾಯಿ. ನೀನೇ ಲೆಕ್ಕ ಹಾಕು.’

ಹಾಕಿದೆನು. ತಿಂಗಳಿಗೆ 450, ವರ್ಷಕ್ಕೆ 5,400. ನಾನು ಒಂದು ಸಲ ಉಳಿಸಿದ ಹಣಕ್ಕಿಂತ ಅವರು ವರ್ಷವರ್ಷವೂ ತೆರುವುದು ಹೆಚ್ಚು.

ನನ್ನ ನೂರೈವತ್ತು ಕಣಗಳೇ ಆ ಕೆರೆಯನ್ನು ಕೆಡಿಸಿದುವೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ಆ ಕಣಕ್ಕೆ ಬಣ್ಣ ಹಾಕಿದ್ದು ದೊಡ್ಡಬಳ್ಳಾಪುರದಲ್ಲೋ, ಈರೋಡಿನಲ್ಲೋ, ಸೂರತ್ತಿನಲ್ಲೋ, ಅಂಗಡಿಯವನಿಗೂ ತಿಳಿಯದು. ದೊಡ್ಡಬಳ್ಳಾಪುರದ ಕೆಳಗಿನ ಕೆರೆಗಳಿಗೆ ಊರಿನ ಒಳಚರಂಡಿಯ ನೀರೂ ಕೈಗಾರಿಕೆಗಳ ಕೊಳೆಯೂ ಕೂಡಿ ಹರಿಯುತ್ತಿವೆಯೆಂದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯತಿಗಳ ಜನರು ವರ್ಷಗಳಿಂದ ಮೊರೆಯಿಡುತ್ತ, ಚಳುವಳಿ ನಡೆಸುತ್ತ ಬಂದಿದ್ದಾರೆ. ಅದರಲ್ಲಿ ನಮ್ಮ ಮನೆಗಳ ಬಚ್ಚಲಿನ ಪಾಲೂ ಉಂಟು. ಆದರೆ ಚಿಕ್ಕಮ್ಮನವರ ಪ್ರಶ್ನೆಯು ಒಂದು ಕೆರೆಗೆ ಮಾತ್ರ ಸೇರಿದುದಲ್ಲ. ಅಗ್ಗದ ಬಣ್ಣ ಎಲ್ಲಿಯೇ ತಯಾರಾಗಲಿ, ಅದರ ಕೆಳಗೆ ಒಂದು ಕೆರೆ ಇದ್ದೇ ಇರುತ್ತದೆ. ಆ ಕೆರೆಯ ಪಕ್ಕದಲ್ಲಿ ಯಾರಾದರೊಬ್ಬ ಚಿಕ್ಕಮ್ಮ ಇದ್ದೇ ಇರುತ್ತಾರೆ.

ಬಣ್ಣದ ಕೆಲಸವನ್ನು ತಿಳಿದವರನ್ನು ವಿಚಾರಿಸಿದಾಗ ಈ ಬೆಲೆಯ ಮರ್ಮ ಬಿಡಿಸಿಕೊಂಡಿತು. ಹತ್ತಿಬಟ್ಟೆಗೆ ಇಂದು ಹೆಚ್ಚಾಗಿ ಬಳಸುವ ಬಣ್ಣಗಳು ಪೂರ್ತಿಯಾಗಿ ನೂಲಿಗೆ ಹಿಡಿಯುವುದಿಲ್ಲ. ಬಗೆಯನ್ನೂ ಕೈಗುಣವನ್ನೂ ಅನುಸರಿಸಿ ನೂರಕ್ಕೆ ಹತ್ತು ಭಾಗದಿಂದ ಮೂವತ್ತು ನಲವತ್ತು ಭಾಗದವರೆಗೂ ನೀರಿನಲ್ಲಿಯೇ ಉಳಿಯುವುದುಂಟು. ಬಣ್ಣ ಹಿಡಿಯಲೆಂದು ನೀರಿಗೆ ಉಪ್ಪನ್ನೂ ಹಾಕುತ್ತಾರೆ. ಗಾಢವಾದ ಬಣ್ಣಕ್ಕೆ ಲೀಟರಿಗೆ 50 ಗ್ರಾಮಿಗೂ ಮಿಗಿಲಾಗಿ ಬೇಕಾಗುತ್ತದೆ. ರೇಷ್ಮೆಯ ಕಥೆ ಬೇರೆ: ಕಚ್ಚಾ ರೇಷ್ಮೆಯ ತೂಕದಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಭಾಗ ಅಂಟು. ಅದನ್ನು ಸಾಬೂನು ಸೋಡಾಗಳಲ್ಲಿ ಕುದಿಸಿ ಬಿಡಿಸಿದ ಮೇಲೆಯೇ ಹೊಳಪು ಬರುವುದು. ಆ ಅಂಟೆಲ್ಲವೂ ನೀರಿಗೇ ಹೋಗುವುದು.

ನೀರಿನಿಂದ ಬಣ್ಣವನ್ನು ತೆಗೆಯುವುದಕ್ಕೆ ಉಪಾಯಗಳಿವೆ. ಉಪ್ಪನ್ನು ತೆಗೆಯುವುದು ಮಾತ್ರ ಬಹಳ ದುಬಾರಿ. ನೀರನ್ನು ಪೊರೆಗಳ ಮೂಲಕ ಒತ್ತಿ ಸೋಸಿ, ಉಳಿದುದನ್ನು ಕಾಯಿಸಿ ಹಬೆಯಾಡಿಸಬೇಕು. ಇದಕ್ಕೆ ಯಂತ್ರ, ವಿದ್ಯುತ್ತು, ಆಳು, ಎಲ್ಲವೂ ಬೇಕು. ಈ ಖರ್ಚನ್ನು ಹೊತ್ತ ಬಣ್ಣಗಾರನ ಬಟ್ಟೆಯ ಬೆಲೆ ಏರುತ್ತದೆ. ಹೊರದವನದು ಇಳಿಯುತ್ತದೆ. ಬೆಲೆಯೊಂದನ್ನೇ ನೋಡುವ ಕೊಳ್ಳುವವನು, ಅರಿಯದೆ ಇದ್ದರೂ, ಧರ್ಮವಾಗಿ ನಡೆದವನನ್ನು ಬಿಟ್ಟು ನಡೆಯದವನಿಗೆ ತನ್ನ ದುಡ್ಡನ್ನು ಕೊಟ್ಟು ಬರುತ್ತಾನೆ. ಬೆಲೆ ಹೆಚ್ಚಾದುದೆಲ್ಲ ಶುದ್ಧವೆಂದು ಇದರ ಅರ್ಥವಲ್ಲ. ಬೆಲೆ ಅತಿಯಾಗಿ ಇಳಿದಾಗ ಒಂದು ಸಲ ಕಾರಣವನ್ನು ಕೇಳಬೇಕೆಂಬುದಷ್ಟೆ.

ದೊಡ್ಡಬಳ್ಳಾಪುರದ ಕೊಳೆ ದೊಡ್ಡಬಳ್ಳಾಪುರದಲ್ಲಿಯೇ ನಿಲ್ಲುವುದಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಈ ತಾಲ್ಲೂಕಿನ ಕೆರೆಗಳನ್ನು ಸರಪಳಿಯಂತೆ ಹಾದು ಹೆಸರಘಟ್ಟಕ್ಕೆ ಇಳಿಯುತ್ತಾಳೆ. ಬೆಂಗಳೂರಿಗೆ ಕೊಳಾಯಿಯ ನೀರು ಮೊದಲು ಬಂದದ್ದು 1894ರಲ್ಲಿ ಆದ ಆ ಹೆಸರಘಟ್ಟದ ಕೆರೆಯಿಂದ. ಅಲ್ಲಿಂದ ಮುಂದೆ ತಿಪ್ಪಗೊಂಡನಹಳ್ಳಿಯಲ್ಲಿ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಳ್ಳುತ್ತಾಳೆ. ಅಲ್ಲಿನ ಜಲಾಶಯ 1933ರದು. ಅದರ ಜಲಾನಯನವನ್ನು ಕಾಪಾಡಲು ಸರ್ಕಾರವು 2003ರಲ್ಲಿ ಆಜ್ಞೆ ಹೊರಡಿಸಿತು. ಆದರೂ ಕೊರತೆಯಿಂದಲೂ ಕೊಳೆಯಿಂದಲೂ 2012ರ ಹೊತ್ತಿಗೆ ಅಲ್ಲಿಂದ ಬೆಂಗಳೂರಿಗೆ ನೀರು ಬರುವುದು ನಿಂತಿತು. ಕಾವೇರಿಯ ನೀರನ್ನು ದೂರದಿಂದ ಮೇಲೆತ್ತಿ ತರುವ ಖರ್ಚನ್ನು ತೆರುವವರಲ್ಲಿ ಅಗ್ಗದ ಕಣ ಕೊಂಡ ಪಟ್ಟಣಿಗರೂ ಸೇರಿದ್ದಾರೆ.

‘ಖರ್ಚು ಹೊರಿಸಿದರೆ ಉದ್ಯಮವೇ ಮುಳುಗೀತು’ ಎಂದು ವ್ಯಾಪಾರಸ್ಥರು ಹೇಳುವುದುಂಟು. ಆ ಭಯವನ್ನು ಹಗುರವಾಗಿ ಕಾಣಬಾರದು. ಮಗ್ಗವನ್ನು ನಂಬಿದ ಸಂಸಾರಗಳು ಅಲ್ಲಿ ಸಾವಿರಾರು. ಆದರೆ ತಮಿಳುನಾಡಿನ ತಿರುಪ್ಪೂರಿನ ನಿದರ್ಶನ ನಮ್ಮ ಮುಂದಿದೆ. ಅಲ್ಲಿನ ಬಣ್ಣದ ನೀರು ನೊಯ್ಯಲ್ ನದಿಯನ್ನೂ, ಅದಕ್ಕೆ ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟಿನ ನೀರನ್ನೂ ಬೇಸಾಯಕ್ಕೆ ಬಾರದಂತೆ ಕೆಡಿಸಿತು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ಒಂದು ತೊಟ್ಟು ಕೊಳೆನೀರನ್ನೂ ಹೊರಬಿಡದ ಏರ್ಪಾಡಾದ ಮೇಲೆಯೇ ತೆರೆಯಬೇಕೆಂದಿತು. ಕಷ್ಟವಾಯಿತು, ಕೆಲವರು ಕೆಲಸ ಬಿಟ್ಟರು. ಆದರೂ ಹಲವರು ಕೂಡಿ ಸಾಮೂಹಿಕ ಘಟಕಗಳನ್ನು ನಡೆಸಿ, ನೀರನ್ನು ಶುದ್ಧಿಮಾಡಿ ಮತ್ತೆ ಬಣ್ಣಕ್ಕೇ ಬಳಸಲು ಕಲಿತರು. ತಿರುಪ್ಪೂರು ಇಂದಿಗೂ ಹೊರದೇಶಗಳಿಗೆ ಬಟ್ಟೆ ಕಳುಹಿಸುತ್ತಿದೆ. ನೊಯ್ಯಲ್ ಸೇರುವುದೂ ಕಾವೇರಿಯನ್ನೇ, ನಮ್ಮ ಅರ್ಕಾವತಿ ಸೇರುವುದೂ ಕಾವೇರಿಯನ್ನೇ.

ಕಾನೂನು ತನ್ನ ಕೆಲಸ ಮಾಡಬೇಕು. ನೀರಿನ ಮಾಲಿನ್ಯವನ್ನು ತಡೆಯುವ ಕಾಯಿದೆ 1974ರಿಂದಲೂ ಇದೆ. ಆದರೆ ಮನೆಯ ಯಜಮಾನನೂ ಯಜಮಾನಿಯೂ ಕೈಕಟ್ಟಿ ಕುಳಿತಿರಬೇಕೆ? ಆ ಸಂಜೆ ಮನೆಗೆ ಬಂದು ನಡೆದುದನ್ನೆಲ್ಲ ಹೇಳಿದೆನು. ಮನೆಯಾಕೆ ಮಾತಾಡದೆ ಎದ್ದು ಹೋಗಿ ಟ್ರಂಕನ್ನು ತೆರೆದಳು. ಹಿಂದಿನ ಮದುವೆ, ಮುಂಜಿ, ಗೌರಿಹಬ್ಬಗಳಲ್ಲಿ ಬಂದ ಕಣಗಳು ಅದರಲ್ಲಿ 63 ಇದ್ದುವು. ತಂಗಿಯ ಮನೆಯಲ್ಲಿ ಹುಡುಕಿಸಿದಾಗ ಇನ್ನೂ 48 ಸಿಕ್ಕಿದುವು. ಒಂದನ್ನೂ ಯಾರೂ ಹೊಲಿಸಿರಲಿಲ್ಲ. ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಮತ್ತೊಂದು ಮನೆಗೆ ಸುತ್ತುವುದಕ್ಕಾಗಿಯೇ ಹುಟ್ಟಿದ ಬಟ್ಟೆ! ಅದಕ್ಕಾಗಿ ಒಂದು ಕೆರೆಯ ನೀರು ಕೆಡಬೇಕೆ?

ತಂಗಿಗೆ ಮಾತ್ರ ಅಂಜಿಕೆ. ‘ಬೀಗರು ಏನೆಂದಾರು ಅಣ್ಣಾ? ಹೆಣ್ಣಿನ ಕಡೆಯವರು ಕಣ ಕೊಡಲೂ ಹಿಂದೆಗೆದರೆಂದು ಆಡಿಕೊಳ್ಳುವುದಿಲ್ಲವೆ?’ ಎಂದಳು. ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕೊಡುವುದನ್ನು ಬಿಡುವುದು ಬೇಡ, ಕೊಡುವ ವಸ್ತು ಬಳಕೆಗೆ ಬರುವಂತಿರಲಿ ಎಂದು ಕೊನೆಗೆ ಗೊತ್ತುಮಾಡಿದೆವು. ಟ್ರಂಕಿನ 111 ಕಣಗಳನ್ನೂ, ಬಣ್ಣ ಹಾಕದ ಕೋರಾ ಬಟ್ಟೆ ಸ್ವಲ್ಪವನ್ನೂ ನೆರೆಯ ದರ್ಜಿಗೆ ಕೊಟ್ಟು 150 ಕೈಚೀಲಗಳನ್ನು ಹೊಲಿಸಿದೆವು. ಕೂಲಿ ಚೀಲಕ್ಕೆ 12 ರೂಪಾಯಿಯಂತೆ 1,800; ಕೋರಾ ಬಟ್ಟೆಗೆ 700; ಒಟ್ಟು 2,500. ಅಗ್ಗದ ಕಣಕ್ಕೇ 5,250 ಆಗುತ್ತಿತ್ತು. ತೆಂಗಿನಕಾಯಿ, ಎಲೆ, ಅಡಕೆಗಳನ್ನು ಆ ಚೀಲದಲ್ಲಿಯೇ ಇಟ್ಟು ಕೊಟ್ಟುದರಿಂದ ಪ್ಲಾಸ್ಟಿಕ್ ಕವರಿನ ಮಾತೇ ಏಳಲಿಲ್ಲ. ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧವಿದ್ದರೂ ಮದುವೆಯ ಮನೆಗಳಲ್ಲಿ ಅದನ್ನು ಕೇಳುವವರಾರು?

ಸೀರೆಗಳನ್ನು 24ರಿಂದ ಹತ್ತಕ್ಕೆ ಇಳಿಸಿ, ಉಡುವವರನ್ನು ಮುಂಚೆಯೇ ಕೇಳಿ, ಒಳ್ಳೆಯವನ್ನೇ ತೆಗೆದೆವು. ಮುಂಗಡವನ್ನು ಅಂಗಡಿಯವನು ಇದಕ್ಕೇ ಮುರಿದುಕೊಂಡನು. ನೇಯುವವರ ಹೊಟ್ಟೆಗೆ ಕಲ್ಲು ಹಾಕಿದಂತಾಗಲಿಲ್ಲವೆ ಎಂದು ಕೆಲವರು ಕೇಳಬಹುದು. ಉಡದ 24 ಸೀರೆಗೆ ಕೊಡುತ್ತಿದ್ದ ಹಣ ಉಡುವ ಹತ್ತು ಸೀರೆಗೆ ಸಂದಿತು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಬೆಲೆ ದೊರೆಯಿತು ಎಂಬುದೇ ನನ್ನ ಸಮಾಧಾನ.

ಕೊಳ್ಳುವವರು ನೆನಪಿಡತಕ್ಕ ಒಂದೆರಡು ಮಾತು. ಒದ್ದೆಮಾಡಿದ ಬಿಳಿಯ ಬಟ್ಟೆಯಿಂದ ಬಣ್ಣದ ಬಟ್ಟೆಯ ಅಂಚನ್ನು ಉಜ್ಜಿ ನೋಡಿರಿ. ಬಣ್ಣ ಬಿಟ್ಟರೆ ಅದು ಸರಿಯಾಗಿ ಹಿಡಿದಿಲ್ಲವೆಂದಾಯಿತು. ಉಳಿದುದು ನಿಮ್ಮ ಬಚ್ಚಲಿಗೇ ಬರುವುದು. ಬಿಡದಿದ್ದ ಮಾತ್ರಕ್ಕೆ ಬಣ್ಣದ ಮನೆಯವನು ನೀರನ್ನು ಶುದ್ಧಿಮಾಡಿದನೆಂದು ತಿಳಿಯಬೇಡಿರಿ. ‘ಸಿಲ್ಕ್ ಮಾರ್ಕ್’ ಮುದ್ರೆಯು ರೇಷ್ಮೆ ಅಪ್ಪಟವೆಂಬುದಕ್ಕೂ, ‘ಹ್ಯಾಂಡ್‌ಲೂಮ್ ಮಾರ್ಕ್’ ಮುದ್ರೆಯು ಕೈಮಗ್ಗದ್ದೆಂಬುದಕ್ಕೂ ಸಾಕ್ಷಿ. ನೀರಿನ ವಿಷಯಕ್ಕೆ ಅವು ಸಾಕ್ಷಿ ಹೇಳವು. ಮಣ್ಣಿನ ಗಡಿಗೆಯ ಗುರುತಿನ ‘ಇಕೋಮಾರ್ಕ್’ ಎಂಬ ಮುದ್ರೆಯನ್ನು ಕೇಂದ್ರಸರ್ಕಾರ 1991ರಲ್ಲಿಯೇ ಏರ್ಪಡಿಸಿತು. ಕೇಳುವವರಿಲ್ಲದೆ ಅದು ಅಂಗಡಿಗಳಲ್ಲಿ ಕಾಣಿಸಿದ್ದು ಅಪೂರ್ವ. ಮನೆಯಲ್ಲಿ ರೇಷ್ಮೆಯನ್ನು ಒಗೆಯಲು ನಮ್ಮ ಹಿರಿಯರ ಅಂಟುವಾಳ ಇಂದಿಗೂ ಸಾಕು. ಉಳಿದ ಬಟ್ಟೆಗೆ ಸಾಬೂನುಪುಡಿಯನ್ನು ಅಳೆದು ಹಾಕಿದರೆ ಕೆರೆಗೂ ಕೈಚೀಲಕ್ಕೂ ಹಿತ.

ಎಲ್ಲಕ್ಕಿಂತ ಮುಖ್ಯವಾದುದು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳುವುದು: ‘ಇದಕ್ಕೆ ಬಣ್ಣ ಎಲ್ಲಿ ಹಾಕಿಸಿದಿರಿ? ಅಲ್ಲಿ ನೀರನ್ನು ಏನು ಮಾಡುತ್ತಾರೆ?’ ಮೊದಲ ಸಲ ನಗುತ್ತಾರೆ. ನನ್ನನ್ನು ನೋಡಿಯೂ ನಕ್ಕರು. ಹತ್ತು ಜನ ಕೇಳಿದ ದಿನ, ಅಂಗಡಿಯವನು ತಾನು ಸರಕು ತರಿಸುವ ಕಡೆ ಅದನ್ನೇ ಕೇಳುತ್ತಾನೆ. ವ್ಯಾಪಾರಿಯು ಗಿರಾಕಿಯ ನಾಲಗೆಯನ್ನು ನೋಡಿಯೇ ಸರಕು ತುಂಬುವವನಲ್ಲವೆ?

ಮದುವೆ ಸಾಂಗವಾಗಿ ನಡೆಯಿತು. ಬೀಗರ ಕಡೆಯ ಹಿರಿಯರೊಬ್ಬರು ‘ಕಣ ಕೊಡುವ ಬದಲು ಚೀಲ ಹೊಲಿಸಿದ್ದಾರೆ’ ಎಂದು ಗೊಣಗಿದ್ದು ನಿಜ. ಅವರ ಸೊಸೆಯೇ ದರ್ಜಿಯ ವಿಳಾಸವನ್ನು ಕೇಳಿಕೊಂಡು ಹೋದುದೂ ನಿಜ. ಚಿಕ್ಕಮ್ಮನವರು ತಮ್ಮ ಪಾಲಿನ ಚೀಲವನ್ನು ಮೊದಲು ನೀರಿನ ಲೋಟದಲ್ಲಿ ಅದ್ದಿ ನೋಡಿದರು. ಅದು ಕೋರಾ ಬಟ್ಟೆಯದು. ನೀರು ನೀರಾಗಿಯೇ ಇತ್ತು. ‘ಆಗಲಪ್ಪಾ’ ಎಂದರು.

ಅವರ ಮನೆಗೆ ಇಂದಿಗೂ ಕ್ಯಾನಿನ ನೀರೇ. ನಮ್ಮ ಒಂದು ಮದುವೆಯಿಂದ ಕೆರೆ ತಿಳಿಯಾಗುವುದಿಲ್ಲ. ಆದರೂ ಪೇಟೆಯಿಂದ ಗಂಟು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಈಗ ಮೂರು ಪ್ರಶ್ನೆಗಳು: ಎಷ್ಟಕ್ಕೆ ಕೊಟ್ಟ? ಇನ್ನೂ ಚೌಕಾಸಿ ಮಾಡಬಾರದಾಗಿತ್ತೆ? ಉಳಿದದ್ದನ್ನು ಯಾರು ತೆತ್ತರು?